ರಾಣೆಬೆನ್ನೂರಿನ ಬಿಳಿ ಪರದೆ, ಬ್ಯಾಡಗಿಯ ಡಬ್ಬಿ ಬೀಜ

(ನಮ್ಮ ಪಾಡ್‌ಕಾಸ್ಟ್‌ನ ಈ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಂಡಿದ್ದೇವೆ.)



ಹುಬ್ಬಳ್ಳಿಯಿಂದ ದಾವಣಗೆರೆ ಕಡೆ ಬಸ್ಸಿನಲ್ಲಿ ಹೋದವರು ಹಾವೇರಿ, ಮೋಟೆಬೆನ್ನೂರು, ಹನುಮನಮಟ್ಟಿ ಎಲ್ಲ ದಾಟಿ ರಾಣೆಬೆನ್ನೂರಿಗೆ ಬರ್ತೀರಿ. ಅಲ್ಲಿಂದ ಹೆದ್ದಾರಿ ಬಿಟ್ಟು ಯಾವುದಾದರೂ ಹಳ್ಳಿ ರಸ್ತೆಗೆ ಹೊರಳಿದರೆ ಹೊಲದ ನಡುವೆ ಬಿಳಿ ಬಿಳಿ ಡೇರೆ ಹಾಕಿದ ಹಾಗೆ ಕಾಣುತ್ತೆ. ಬೆಂಗಳೂರಿನಿಂದ ಬಂದ ನನ್ನ ಗೆಳತಿ ಒಬ್ಬಳು, "ಇದೇನು, ಹೊಲಕ್ಕೆಲ್ಲ ಸೊಳ್ಳೆ ಪರದೆ ಕಟ್ಟಿದಾರಲ್ಲ" ಅಂದಳು. ನಕ್ಕೆ. ಆದರೆ ಅವಳು ಹೇಳಿದ್ದು ಅಷ್ಟೇನೂ ತಪ್ಪಲ್ಲ. ಅದು ಪರದೆಯೇ. ಒಳಗೆ ಮಲಗಿರೋದು ಮನುಷ್ಯರಲ್ಲ, ಟೊಮೆಟೊ, ಮೆಣಸಿನಕಾಯಿ, ಬದನೆ, ದೊಣ್ಣೆ ಮೆಣಸಿನಕಾಯಿ. ಅಷ್ಟೇ ವ್ಯತ್ಯಾಸ.

ಇನ್ನೊಂದು ವ್ಯತ್ಯಾಸ ಇದೆ. ಈ ಪರದೆಯೊಳಗೆ ಬೆಳೆದ ಟೊಮೆಟೊ ಸಂತೆಗೆ ಬರೋದಿಲ್ಲ, ಯಾರ ಮನೆಯ ಸಾರಿಗೂ ಬೀಳೋದಿಲ್ಲ. ಹಣ್ಣು ಒಡೆದು ಬೀಜ ತೆಗೆದು, ತಿರುಳು ತಿಪ್ಪೆಗೆ ಹೋಗುತ್ತೆ. ಆದರೆ ಆ ಬೀಜ ದೇಶದ ಎಷ್ಟೋ ಕಡೆ, ದೇಶದ ಹೊರಗೂ, ಯಾರದೋ ಹೊಲದಲ್ಲಿ ಮೊಳೆಯುತ್ತೆ. ನೀವು ಇವತ್ತು ಅಡುಗೆಗೆ ಹಾಕಿದ ಟೊಮೆಟೊ ಹೈಬ್ರಿಡ್ ಆಗಿದ್ದರೆ, ಅದರ ತಾಯಿ ಹೂವನ್ನು ರಾಣೆಬೆನ್ನೂರು ತಾಲ್ಲೂಕಿನ ಯಾವಳೋ ಹೆಣ್ಣುಮಗಳು ಕೈಯಿಂದ ಮುಟ್ಟಿರೋ ಸಾಧ್ಯತೆ ಇದೆ. ಅಂಥ ಹೆಣ್ಣುಮಕ್ಕಳಲ್ಲಿ ನಮ್ಮವ್ವ ಒಬ್ಬಳು. ಸ್ವಲ್ಪ ವರ್ಷ ನಾನೂ ಒಬ್ಬಳು.

ನಾನು ಹುಟ್ಟಿದ್ದು ರಾಣೆಬೆನ್ನೂರು ತಾಲ್ಲೂಕು, ಮದುವೆಯಾಗಿ ಬಂದಿದ್ದು ಬ್ಯಾಡಗಿ ಕಡೆ. ಈಗ ನಾನೂ ನಮ್ಮನಿಯವರೂ ಸೇರಿ ನೆರಳು ಪರದೆಯ ಕೆಳಗೆ ಸಸಿ ಮಾಡಿ ಮಾರ್ತೀವಿ, ನರ್ಸರಿ. ತವರಲ್ಲಿ ನೆಟ್, ಗಂಡನ ಮನೆಯಲ್ಲೂ ನೆಟ್. ಹಾಗಾಗಿ ಈ ಮುಚ್ಚಿದ ಬೇಸಾಯದ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಕರೆದಾಗ ಇಲ್ಲ ಅನ್ನೋಕೆ ಆಗಲಿಲ್ಲ.

ಮೊದಲು ಒಳಗೆ ಏನು ನಡೆಯುತ್ತೆ ಅಂತ ಹೇಳ್ತೀನಿ. ಯಾಕಂದ್ರೆ ಹೊರಗಿನವರಿಗೆ ಇದು ಗೊತ್ತಿಲ್ಲ, ಒಳಗಿನವರು ಇದನ್ನು ಹೇಳಿಕೊಳ್ಳೋ ಸಂಗತಿ ಅಂತ ಅಂದುಕೊಂಡೇ ಇಲ್ಲ.

ಟೊಮೆಟೊ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಒಟ್ಟಿಗೇ ಇರ್ತಾವೆ. ಬಿಟ್ಟರೆ ತನ್ನ ಪರಾಗ ತಾನೇ ಹಾಕಿಕೊಂಡು ಕಾಯಿ ಕಟ್ಟುತ್ತೆ. ಹೈಬ್ರಿಡ್ ಆಗಬೇಕಂದ್ರೆ ಹಾಗೆ ಬಿಡಬಾರದು. ಮೊಗ್ಗು ಇನ್ನೂ ಅರಳಿರಬಾರದು, ತಿಳಿ ಹಳದಿ ಬಣ್ಣಕ್ಕೆ ತಿರುಗಿರಬೇಕು. ನಾಳೆ ಬೆಳಗ್ಗೆ ಅರಳುತ್ತೆ ಅನ್ನೋ ಮೊಗ್ಗನ್ನು ಇವತ್ತು ಮಧ್ಯಾಹ್ನ, ಸಂಜೆ ಹುಡುಕಿ, ಚಿಮಟದಿಂದ ಅದರ ಗಂಡು ಭಾಗ ಕಿತ್ತು ಹಾಕಬೇಕು. ನಡುವಿನ ಹಸಿರು ಕಡ್ಡಿ ಮಾತ್ರ ಉಳೀಬೇಕು. ಅದು ಬಾಗಬಾರದು, ಮುರೀಬಾರದು. ಅತ್ತ ಗಂಡು ಗಿಡಗಳನ್ನ ಬೇರೆ ಕಡೆ ಹಾಕಿರ್ತಾರೆ. ಅವುಗಳ ಹೂವು ಬಿಡಿಸಿ ತಂದು, ರಾತ್ರಿ ಬಲ್ಬಿನ ಕಾವಿನಲ್ಲಿ ಒಣಗಿಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದರೆ ಪರಾಗ ಬೀಳುತ್ತೆ. ಅರಿಶಿನಕ್ಕಿಂತ ಸಣ್ಣ ಪುಡಿ. ಮರುದಿನ ಬೆಳಗ್ಗೆ ಅದನ್ನು ಚಿಕ್ಕ ಬಟ್ಟಲಲ್ಲಿ ಹಿಡಿದು, ಒಂದೊಂದೇ ಹೂವಿಗೆ ಮುಟ್ಟಿಸ್ತಾ ಹೋಗಬೇಕು. ಬಿಸಿಲು ಏರೋದರೊಳಗೆ ಮುಗೀಬೇಕು. ಮುಟ್ಟಿಸಿದ ಹೂವಿನ ಹಸಿರು ಎಸಳು ಎರಡು ಕತ್ತರಿಸಿ ಗುರುತು ಮಾಡ್ತಾರೆ. ನಮ್ಮವ್ವ ಅದಕ್ಕೆ "ಕಿವಿ ಕತ್ತರಸೂದು" ಅಂತಿದ್ದಳು, ಕುರಿ ಕಿವಿಗೆ ಗುರುತು ಮಾಡಿದ ಹಾಗೆ. ಕೊಯ್ಲಿನಲ್ಲಿ ಕಿವಿ ಕತ್ತರಿಸಿದ ಹಣ್ಣು ಮಾತ್ರ ಬೀಜಕ್ಕೆ. ಉಳಿದಿದ್ದು ಹೊರಗೆ.

ಇದಕ್ಕೆಲ್ಲ ಒಟ್ಟಾಗಿ ಹೆಸರು ಕ್ರಾಸಿಂಗ್. ನಮ್ಮೂರಲ್ಲಿ ಅಕ್ಷರ ಬಾರದ ಮುದುಕಿಗೂ ಕ್ರಾಸಿಂಗ್ ಗೊತ್ತು. "ಕ್ರಾಸಿಂಗಿಗೆ ಹೊಂಟೀನಿ" ಅಂದ್ರೆ ಕೂಲಿಗೆ ಹೊರಟೆ ಅಂತಾನೇ ಅರ್ಥ.

ಒಂದು ಲೆಕ್ಕ ಹೇಳ್ತೀನಿ, ಕೇಳಿ. ಟೊಮೆಟೊ ಬೀಜ ಒಂದು ಗ್ರಾಂಗೆ ಸುಮಾರು 300 ಬರ್ತಾವೆ. ಅಂದ್ರೆ ಒಂದು ಕಿಲೋಗೆ 3 ಲಕ್ಷ. ಒಂದು ಹಣ್ಣಲ್ಲಿ ನೂರು ಬೀಜ ಅಂತ ಹಿಡಿದರೂ ಒಂದು ಕಿಲೋ ಬೀಜಕ್ಕೆ 3,000 ಹೂವು ಬೇಕು. ನಮ್ಮ ಅಪ್ಪನದು ಹತ್ತು ಗುಂಟೆ ನೆಟ್. ಒಳ್ಳೆ ವರ್ಷ ಹನ್ನೆರಡು ಕಿಲೋ ಬಂದಿದ್ದುಂಟು. 36,000 ಹೂವಾಯ್ತು. ಒಂದೊಂದು ಹೂವನ್ನು ಎರಡು ಸಲ ಮುಟ್ಟಬೇಕು, ಸಂಜೆ ಒಂದ್ಸಲ, ಬೆಳಗ್ಗೆ ಒಂದ್ಸಲ. ಮುಟ್ಟಿದ್ದೆಲ್ಲ ಕಾಯಿ ಕಟ್ಟೋದಿಲ್ಲ, ಅದು ಬೇರೆ. ಇದರ ಜೊತೆಗೆ, ಕಣ್ಣು ತಪ್ಪಿ ಅರಳಿಬಿಟ್ಟ ಹೂವನ್ನು ಹುಡುಕಿ ಹುಡುಕಿ ಚಿವುಟಿ ಹಾಕಬೇಕು. ಬಿಟ್ಟರೆ ಅದು ತನ್ನಷ್ಟಕ್ಕೆ ಕಾಯಿ ಕಟ್ಟಿ, ಅದರ ಬೀಜ ಕಲೆತುಬಿಡುತ್ತೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

ಹಾಗಾದರೆ ಪರದೆ ಯಾಕೆ? ಎರಡು ಕಾರಣ. ಮೊದಲನೆಯದು ಹುಳ. ನಾವು ಹಾಕೋದು 40 ಮೆಶ್ ನೈಲಾನ್ ಬಲೆ, ಅಂದ್ರೆ ಒಂದು ಅಂಗುಲಕ್ಕೆ 40 ಕಣ್ಣು. ಕಾಯಿಕೊರಕದ ಪತಂಗ ಒಳಗೆ ಬರೋದಿಲ್ಲ, ಜೇನು ಬರೋದಿಲ್ಲ, ಎಲೆ ಮುಟುರು ವೈರಸ್ ಹೊತ್ತು ತರೋ ಬಿಳಿನೊಣವನ್ನೂ ಬಹಳ ಮಟ್ಟಿಗೆ ತಡೆಯುತ್ತೆ. ಎರಡನೆಯದು ಅಂತರ. ಮೆಣಸಿನಕಾಯಿಯ ಪ್ರಮಾಣಿತ ಬೀಜ ಬೆಳೀಬೇಕಂದ್ರೆ ಅಕ್ಕಪಕ್ಕ 200 ಮೀಟರ್‌ವರೆಗೆ ಬೇರೆ ತಳಿಯ ಮೆಣಸಿನ ಗಿಡ ಇರಬಾರದು ಅಂತ ನಿಯಮ ಇದೆ. ಎರಡೆಕರೆ, ಮೂರೆಕರೆ ಹೊಲದವರು 200 ಮೀಟರ್ ಎಲ್ಲಿಂದ ತರೋದು ಹೇಳಿ. ಪಕ್ಕದ ಬದುವಿನಲ್ಲೇ ದಾಯಾದಿಯ ಮೆಣಸಿನ ಗಿಡ ಇರ್ತಾವೆ. ಪರದೆ ಕಟ್ಟಿದರೆ ಆ ಜಗಳ ಇಲ್ಲ. ಒಂದೇ ಊರಲ್ಲಿ ಬೇರೆ ಬೇರೆ ಕಂಪನಿಯ ಬೇರೆ ಬೇರೆ ತಳಿ ಬೆಳೆಯೋಕೆ ಸಾಧ್ಯ ಆಗಿದ್ದರಲ್ಲಿ ಈ ಬಲೆಯ ಪಾಲು ದೊಡ್ಡದು.

ಶುರುವಾಗಿದ್ದು ಎಪ್ಪತ್ತರ ದಶಕದಲ್ಲಿ. ಬೆಂಗಳೂರಿನಲ್ಲಿ ಮನಮೋಹನ ಅತ್ತಾವರ ಅವರು 1965ರಲ್ಲಿ ಕಟ್ಟಿದ ಇಂಡೋ-ಅಮೆರಿಕನ್ ಹೈಬ್ರಿಡ್ ಸೀಡ್ಸ್, 1973ರಲ್ಲಿ 'ಕರ್ನಾಟಕ' ಅನ್ನೋ ಟೊಮೆಟೊ, 'ಭಾರತ್' ಅನ್ನೋ ದೊಣ್ಣೆ ಮೆಣಸಿನಕಾಯಿ ಹೈಬ್ರಿಡ್ ತಂದಿತು. ದೇಶದ ತರಕಾರಿ ಹೈಬ್ರಿಡ್ ವ್ಯಾಪಾರ ಅಲ್ಲಿಂದ ಬೆಳೀತು. ಬೀಜ ಮಾಡೋಕೆ ಒಣ ಹವೆ ಬೇಕು, ಹೆಚ್ಚು ಸೆಕೆ ಬೇಡ, ಹೆಚ್ಚು ಚಳಿಯೂ ಬೇಡ. ನೀರಿಗೆ ಬಾವಿ ಬೋರು ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ತಾಳ್ಮೆಯಿರೋ ಕೈ ಬೇಕು. ಅದು ಕಡಿಮೆ ಕೂಲಿಗೆ ಸಿಗಬೇಕು, ಇದನ್ನ ಯಾರೂ ಬಾಯಿಬಿಟ್ಟು ಹೇಳೋದಿಲ್ಲ, ನಾನು ಹೇಳ್ತೀನಿ. ರಾಣೆಬೆನ್ನೂರು ಕಡೆ ಇವೆಲ್ಲ ಸಿಕ್ಕವು. ಈಗ ಅಲ್ಲಿ ದೇಶ ವಿದೇಶದ ಕಂಪನಿಗಳ ಬೋರ್ಡು ಸಾಲಾಗಿ ಕಾಣ್ತಾವೆ.

ನಾನು ಒಂಬತ್ತು ವರ್ಷದವಳಿದ್ದಾಗ ಮೊದಲ ಸಲ ಚಿಮಟ ಹಿಡಿದೆ. "ಸಣ್ಣ ಬಟ್ಟಿಗೆ ಚೊಲೊ ಬರ್ತೈತಿ" ಅಂತ ಆಗ ಎಲ್ಲರೂ ಹೇಳೋರು. ಸಣ್ಣ ಬೆರಳಿಗೆ ಮೊಗ್ಗು ಚೆನ್ನಾಗಿ ಸಿಗುತ್ತೆ ಅಂತ. ಶಾಲೆ ಬಿಟ್ಟ ಮೇಲೆ, ರಜೆಯಲ್ಲಿ, ಕೆಲವು ಸಲ ಶಾಲೆ ತಪ್ಪಿಸಿಯೂ ಹೋಗಿದ್ದೀನಿ. ನಮ್ಮದೇ ಹೊಲ, ನಮ್ಮವ್ವನ ಜೊತೆ, ನನಗೇನೂ ಅನ್ನಿಸಿರಲಿಲ್ಲ. ಆದರೆ ನನ್ನ ಪಕ್ಕದ ಸಾಲಿನಲ್ಲಿ ಕೂಲಿಗೆ ಬಂದ ಹುಡುಗಿಯರೂ ಇದ್ದರು, ಅವರಿಗೆ ಅದು ಸ್ವಂತ ಹೊಲ ಆಗಿರಲಿಲ್ಲ. ಅವರಲ್ಲಿ ಇಬ್ಬರು ಏಳನೇ ಇಯತ್ತೆ ದಾಟಲಿಲ್ಲ. ಈಗ ಕಂಪನಿಗಳು ಕರಾರಿನಲ್ಲೇ ಮಕ್ಕಳನ್ನು ಇಟ್ಟುಕೊಳ್ಳಬಾರದು ಅಂತ ಬರೆಸ್ತಾರೆ, ಬಂದು ನೋಡ್ತಾರೆ. ಬಹಳ ಕಡಿಮೆಯಾಗಿದೆ, ನಿಜ. ಪೂರ್ತಿ ಹೋಗಿದೆ ಅಂತ ಹೇಳಿದರೆ ಸುಳ್ಳಾಗುತ್ತೆ. 2016ರ ಕಾನೂನು ತಿದ್ದುಪಡಿಯಲ್ಲಿ ಶಾಲೆ ಮುಗಿದ ಮೇಲೆ ಮನೆಯ ಕೆಲಸಕ್ಕೆ ನೆರವಾಗಬಹುದು ಅಂತ ಬಿಟ್ಟಿದ್ದಾರಲ್ಲ, ಆ ಬಾಗಿಲು ಸಣ್ಣದೇ, ಆದರೆ ಅದರಲ್ಲಿ ಎಷ್ಟು ಮಕ್ಕಳು ತೂರಿ ಬರ್ತಾರೆ ಅಂತ ನನಗೆ ಗೊತ್ತು. ನಾನೂ ಹಾಗೇ ಬಂದವಳು.

ಇರಲಿ. ನಾನು ಹೇಳಬೇಕು ಅಂತ ಬಂದಿದ್ದು ಒಂದು ವರ್ಷದ ಕತೆ.

ನಾನು ಪಿಯುಸಿ ಎರಡನೇ ವರ್ಷದಲ್ಲಿದ್ದೆ. ಆ ಸಲ ಟೊಮೆಟೊ. ನಮ್ಮ ಕಡೆ ಪದ್ಧತಿ ಹೇಗೆ ಅಂದ್ರೆ, ಕಂಪನಿ ನೇರವಾಗಿ ರೈತನ ಹತ್ತಿರ ಬರೋದು ಕಡಿಮೆ. ನಡುವೆ ಆರ್ಗನೈಸರ್ ಇರ್ತಾರೆ. ಅವರು ಗಂಡು ಬೀಜ ಹೆಣ್ಣು ಬೀಜ ಕೊಡ್ತಾರೆ, ಮುಂಗಡ ಕೊಡ್ತಾರೆ, ಕಿಲೋಗೆ ಇಷ್ಟು ಅಂತ ದರ ಮಾತಾಡ್ತಾರೆ. ಅಪ್ಪ ಬರೆಸಿಕೊಂಡಿದ್ದು ಒಂದು ನೋಟ್‌ಬುಕ್ಕಿನ ಹಾಳೆ ಮೇಲೆ, ಅಷ್ಟೇ. ಬಲೆ ಹರಿದಿತ್ತು, ಹೊಸದು ಹಾಕಿಸಿದ್ದೆವು, ನೀಲಗಿರಿ ಕಂಬ ಬದಲಿಸಿದ್ದೆವು. ಸೊಸೈಟಿ ಸಾಲ, ಮೇಲೆ ಕೈಗಡ. ಬೀಜ ಹನ್ನೊಂದು ಕಿಲೋ ಚಿಲ್ಲರೆ ಬಂತು. ನೆರಳಲ್ಲಿ ಒಣಗಿಸಿ, ಹಸನು ಮಾಡಿ ಕೊಟ್ಟೆವು. ತೂಕದ ದಿನ ಅವ್ವ ಹೋಳಿಗೆ ಮಾಡಿದ್ದಳು.

ಬೀಜ ಕೊಟ್ಟ ಕೂಡಲೇ ರೊಕ್ಕ ಬರೋದಿಲ್ಲ. ಅದರ ಸ್ಯಾಂಪಲ್ ಬೇರೆಲ್ಲೋ ಬಿತ್ತಿ, ಗಿಡ ಬೆಳೆಸಿ ನೋಡ್ತಾರೆ. ಗ್ರೋ ಔಟ್ ಟೆಸ್ಟ್ ಅಂತಾರೆ, ನಮ್ಮ ಕಡೆ ಜಿಓಟಿ. ನೂರು ಗಿಡದಲ್ಲಿ ಎಷ್ಟು ನಿಜವಾದ ಹೈಬ್ರಿಡ್, ಎಷ್ಟು ತಾಯಿ ಗಿಡದ್ದೇ ನಕಲು ಅಂತ ಎಣಿಸ್ತಾರೆ. ತಿಂಗಳುಗಟ್ಟಲೆ ಕಾಯಬೇಕು. ನಾವು ಕಾದೆವು. ಒಂದು ದಿನ ಆರ್ಗನೈಸರ್ ಬೈಕ್ ಮೇಲೆ ಬಂದು, ಕೆಳಗೆ ಇಳೀದೇನೇ, "ನಿಮ್ಮದು ಫೇಲ್ ಆಗೇತ್ರಿ, ತೊಂಬತ್ತಾರು ಬಂದೈತಿ" ಅಂದರು.

ನೂರಕ್ಕೆ ತೊಂಬತ್ತಾರು ಬಂದರೆ ಫೇಲ್. ನಾನು ಆಗ ಪರೀಕ್ಷೆಗೆ ಓದುತ್ತಾ ಇದ್ದೆ, ನನಗೆ ನಗು ಬಂತು. ಆಮೇಲೆ ಅಪ್ಪನ ಮುಖ ನೋಡಿದೆ.

ಕೇಂದ್ರದ ಬೀಜ ಪ್ರಮಾಣೀಕರಣ ಮಾನದಂಡ ನೋಡಿದರೆ ಟೊಮೆಟೊ ಹೈಬ್ರಿಡ್‌ಗೆ ತಳಿ ಶುದ್ಧತೆ 90 ಇದ್ದರೆ ಸಾಕು. ಕಂಪನಿಗಳು 98ರ ಮೇಲೆ ಕೇಳ್ತಾರೆ. ಅದು ಅವರ ಹಕ್ಕು, ಮಾರುಕಟ್ಟೆಯಲ್ಲಿ ಪೈಪೋಟಿ ಇದೆ, ರೈತ ದುಬಾರಿ ರೊಕ್ಕ ಕೊಟ್ಟು ಕೊಳ್ಳೋ ಬೀಜ ಅದು. ಅದನ್ನ ನಾನು ಈಗ ಒಪ್ತೀನಿ, ಯಾಕಂದ್ರೆ ಈಗ ನಾನೇ ಬೀಜ ಕೊಂಡು ಸಸಿ ಮಾಡೋಳು. ನೂರರಲ್ಲಿ ನಾಲ್ಕು ಬೇರೆ ಬಂದರೆ ನನ್ನ ಗಿರಾಕಿ ನನ್ನನ್ನೇ ಹಿಡೀತಾನೆ. ನನ್ನ ತಕರಾರು 98ರ ಬಗ್ಗೆ ಅಲ್ಲ.

ತಕರಾರು ಬೇರೆ. ಯಾವ ಸ್ಯಾಂಪಲ್ ಬಿತ್ತಿದರು, ಎಲ್ಲಿ ಬಿತ್ತಿದರು, ಯಾರು ಎಣಿಸಿದರು, ನಮಗೆ ಗೊತ್ತಿಲ್ಲ. ನಮ್ಮ ಬೀಜದ ಒಂದು ಹಿಡಿ ಕೂಡ ನಮ್ಮ ಹತ್ತಿರ ಉಳಿದಿರಲಿಲ್ಲ, ಎಲ್ಲ ಕೊಟ್ಟುಬಿಟ್ಟಿದ್ದೆವು. ಕೊಟ್ಟ ಗಂಡು ಬೀಜವೇ ಕಲಬೆರಕೆ ಆಗಿತ್ತೋ, ನಾವೇ ಹೂವು ತಪ್ಪಿಸಿದ್ದೆವೋ ಅಂತ ನೋಡೋಕೆ ದಾರಿಯೇ ಇಲ್ಲ. ಕೇಳಿದರೆ, "ಲ್ಯಾಬಿನಾಗ ಬಂದೈತಿ, ನಾ ಏನ್ ಮಾಡ್ಲಿ" ಅಂದರು. ಬೀಜ ವಾಪಸ್ ಕೊಡ್ರಿ ಅಂದರೆ, ತಾಯಿ ತಂದೆ ಬೀಜ ಕಂಪನಿಯದು, ಹೊರಗೆ ಬಿಡೋ ಹಾಗಿಲ್ಲ, ನಾಶ ಮಾಡ್ತಾರೆ ಅಂದರು. ಮುಂಗಡ ಕಳೆದು ನಮ್ಮ ಕೈಗೆ ಬಂದಿದ್ದು ಏನೂ ಇಲ್ಲ. ಅವ್ವನ ಬೆಂಡೋಲೆ ಅಡವಿಗೆ ಹೋದವು. ನಾನು ಡಿಗ್ರಿ ಸೇರೋದು ಒಂದು ವರ್ಷ ಮುಂದಕ್ಕೆ ಹೋಯ್ತು.

ಆದರೆ ಇದಕ್ಕಿಂತ ಹೆಚ್ಚಾಗಿ ನನಗೆ ನೆನಪಿರೋದು ಅವ್ವ. ಅವಳು ಯಾರ ಮೇಲೂ ಸಿಟ್ಟಾಗಲಿಲ್ಲ. "ನಾನs ಎಲ್ಲೋ ತಪ್ಪಿಸೇನಿ" ಅಂತ ಕೂತಳು. ಅವಳ ಜೊತೆ ಕ್ರಾಸಿಂಗಿಗೆ ಬಂದ ಆರು ಮಂದಿ ಹೆಂಗಸರೂ ನಮ್ಮ ಓಣಿಯವರೇ. ಯಾರು ಹೂವು ಬಿಟ್ಟರು, ಯಾರು ಮಾತಾಡ್ತಾ ಮಾಡಿದರು, ಯಾರ ಕಣ್ಣು ಮಂಜು ಅಂತ ಓಣಿಯಲ್ಲಿ ಮಾತು ಶುರುವಾಯ್ತು. ಒಬ್ಬ ಕಾಕಿ ನಮ್ಮ ಮನೆಗೆ ಬರೋದೇ ಬಿಟ್ಟಳು. ಮೂವತ್ತು ವರ್ಷ ಹೂವು ಮುಟ್ಟಿದ ಕೈ ಅವಳದು.

ಇಲ್ಲಿ ಒಂದು ಸಂಗತಿ ಹೇಳ್ತೀನಿ. ನಮ್ಮ ದೇಶದ ಬೀಜ ಕಾಯ್ದೆ 1966ರದು. ಅದರಲ್ಲಿ ಬೀಜ ಪರಿವೀಕ್ಷಕರು ಅಂಗಡಿಯಲ್ಲಿ ಸ್ಯಾಂಪಲ್ ತೆಗೆದರೆ ಮೂರು ಪಾಲು ಮಾಡಬೇಕು ಅಂತಿದೆ. ಒಂದು ಪಾಲು ಅಂಗಡಿಯವನಿಗೆ, ಒಂದು ಪರೀಕ್ಷೆಗೆ, ಇನ್ನೊಂದು ಮೊಹರು ಹಾಕಿ ಇಟ್ಟುಕೊಳ್ಳೋದು. ತಕರಾರು ಬಂದರೆ ನೋಡೋಕೆ. ಎಷ್ಟು ಸರಿಯಾದ ಪದ್ಧತಿ ನೋಡಿ. ಬೀಜ ಮಾರೋನಿಗೆ ಈ ರಕ್ಷಣೆ ಇದೆ. ಬೀಜ ಮಾಡೋಳಿಗೆ ಇಲ್ಲ. ಆ ಕಾಯ್ದೆ ಮಾರೋ ಬೀಜದ ಗುಣಮಟ್ಟದ್ದು, ಕಂಪನಿ ಮತ್ತು ಬೆಳೆಗಾರರ ನಡುವಿನ ವ್ಯವಹಾರ ಅದರ ಕಣ್ಣಿಗೆ ಬೀಳೋದಿಲ್ಲ.

ಹಾಗಾಗಿ ಈಗ ನೆಟ್ ಹಾಕಿ ಬೀಜ ಮಾಡ್ತೀನಿ ಅನ್ನೋ ಹುಡುಗರು ನನ್ನ ನರ್ಸರಿಗೆ ಬಂದರೆ ನಾನು ಹೇಳೋದು ಇದನ್ನೇ. ತೂಕದ ದಿನ ಮೂರು ಪೊಟ್ಟಣ ಮಾಡ್ರಿ, ಮೂರಕ್ಕೂ ಇಬ್ಬರೂ ಸಹಿ ಹಾಕ್ರಿ, ಒಂದು ನಿಮ್ಮ ಟ್ರಂಕಿನಾಗ ಇಟ್ಕೊಳ್ರಿ. ಗಂಡು ಹೆಣ್ಣು ಬೀಜ ಬಂದ ಪ್ಯಾಕೆಟ್ಟಿನ ಲಾಟ್ ನಂಬರ್ ಫೋಟೊ ಹೊಡ್ಕೊಳ್ರಿ. ಶುದ್ಧತೆ ಎಷ್ಟಕ್ಕೆ ಎಷ್ಟು ರೊಕ್ಕ, 98 ಬಂದರೆ ಇಷ್ಟು, 96 ಬಂದರೆ ಇಷ್ಟು ಅಂತ ಮೊದಲೇ ಬರೆಸ್ರಿ. ಎಷ್ಟೋ ಆರ್ಗನೈಸರ್‌ಗಳು ಒಳ್ಳೆಯವರೇ, ಕೇಳಿದರೆ ಬರೆದುಕೊಡ್ತಾರೆ. ಕೇಳೋರು ಇಲ್ಲ. ಕೇಳಿದರೆ ಮುಂದಿನ ವರ್ಷ ಬೀಜ ಕೊಡೋದಿಲ್ಲವೇನೋ ಅನ್ನೋ ಅಂಜಿಕೆ. ಹತ್ತು ಮಂದಿ ಒಟ್ಟಿಗೆ ಕೇಳಿದರೆ ಆ ಅಂಜಿಕೆ ಅರ್ಧ ಕಡಿಮೆಯಾಗುತ್ತೆ.

ಈಗ ಪಾಲಿಹೌಸ್ ಬಗ್ಗೆ. ಬಹಳ ಜನ ನೆಟ್‌ಹೌಸನ್ನೂ ಪಾಲಿಹೌಸನ್ನೂ ಒಂದೇ ಅಂದುಕೊಳ್ತಾರೆ. ನೆಟ್‌ಹೌಸ್ ಅಂದ್ರೆ ಬಲೆ, ಮಳೆ ಒಳಗೆ ಬರುತ್ತೆ, ಗಾಳಿ ಆಡುತ್ತೆ. ಪಾಲಿಹೌಸ್ ಅಂದ್ರೆ ಕಬ್ಬಿಣದ ಪೈಪು, ಮೇಲೆ 200 ಮೈಕ್ರಾನ್ ಪ್ಲಾಸ್ಟಿಕ್ ಹಾಳೆ. ತೋಟಗಾರಿಕೆ ಮಿಷನ್ನಿನಲ್ಲಿ ಖರ್ಚಿನ ಅರ್ಧ ಸಹಾಯಧನ ಕೊಡ್ತಾ ಬಂದಿದ್ದಾರೆ. ಹಿಂದಿನ ಮಾರ್ಗಸೂಚಿಯಲ್ಲಿ 1,008 ಚದರ ಮೀಟರ್‌ವರೆಗಿನ ಪಾಲಿಹೌಸಿಗೆ ಚದರ ಮೀಟರಿಗೆ 935 ರೂಪಾಯಿ ಲೆಕ್ಕ ಹಿಡಿದಿದ್ದರು. ಅಂದ್ರೆ ಹತ್ತು ಗುಂಟೆಗೆ ಒಂಬತ್ತು ಲಕ್ಷ ನಲವತ್ತೆರಡು ಸಾವಿರ. ಅರ್ಧ ಸರ್ಕಾರದ್ದು, ಅರ್ಧ ನಮ್ಮದು. ಕಾಗದದ ಮೇಲೆ ಚೆನ್ನಾಗಿದೆ. ನಮ್ಮನಿಯವರಿಗೂ ಒಂದು ಸಲ ಹುರುಪು ಬಂದು ಹಾವೇರಿಗೆ ನಾಲ್ಕು ಸಲ ಓಡಾಡಿದರು. ನಾನು ಬ್ಯಾಡ ಅಂದೆ.

ಯಾಕೆ ಅಂದ್ರೆ, ಬೆಂಗಳೂರು ಹತ್ತಿರ ಇದ್ದರೆ ಪಾಲಿಹೌಸಿನ ಕೆಂಪು ಹಳದಿ ದೊಣ್ಣೆ ಮೆಣಸಿನಕಾಯಿ ಕೊಳ್ಳೋರು ಮನೆ ಬಾಗಿಲಿಗೆ ಬರ್ತಾರೆ. ನಮ್ಮ ಕಡೆಯಿಂದ ಅದನ್ನ ಲಾರಿಗೆ ಹೇರಿ ಕಳಿಸಬೇಕು. ಇನ್ನೊಂದು, ಏಪ್ರಿಲ್ ಮೇ ತಿಂಗಳ ಅಡ್ಡ ಮಳೆಗೆ ಬರೋ ಗಾಳಿ. ಹಾಳೆ ಒಂದು ಕಡೆ ಹರಿದರೆ ರಾತ್ರಿ ಕಳೆಯೋದರೊಳಗೆ ಪೂರ್ತಿ ಬಾವುಟ ಆಗಿರುತ್ತೆ. ಮೂರು ನಾಲ್ಕು ವರ್ಷಕ್ಕೆ ಹಾಳೆ ಹೇಗೂ ಬದಲಿಸಬೇಕು, ಆಗ ಯಾರೂ ಅರ್ಧ ಕೊಡೋದಿಲ್ಲ. ಮತ್ತೆ ಮಣ್ಣು. ಮುಚ್ಚಿದ ಜಾಗದಲ್ಲಿ ವರ್ಷ ವರ್ಷ ಟೊಮೆಟೊ, ಮೆಣಸು, ಬದನೆ, ಎಲ್ಲ ಒಂದೇ ಕುಲದ್ದು ಹಾಕಿದರೆ ಬೇರಿಗೆ ಗಂಟು ಹುಳ ಕೂಡುತ್ತೆ. ಗಿಡ ಕಿತ್ತು ನೋಡಿದರೆ ಬೇರಿನ ತುಂಬ ಗಂಟು. ಈ ತೊಂದರೆ ನೆಟ್‌ಹೌಸಿಗೂ ಇದೆ. ಆದರೆ ನೆಟ್‌ಹೌಸಿನ ಕಂಬ ಕಿತ್ತು ಪಕ್ಕದ ಹೊಲಕ್ಕೆ ಹೋಗಬಹುದು, ಪಾಲಿಹೌಸ್ ಕಾಂಕ್ರೀಟಿನಲ್ಲಿ ಹೂತಿರುತ್ತೆ. ಸ್ಪೇನ್ ದೇಶದ ಅಲ್ಮೇರಿಯಾದಲ್ಲಿ ಮೂವತ್ತು ಸಾವಿರ ಹೆಕ್ಟೇರಿಗೂ ಹೆಚ್ಚು ಪ್ಲಾಸ್ಟಿಕ್ ಮುಚ್ಚಿದಾರೆ, ಉಪಗ್ರಹದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತೆ ಅಂತ ನಮ್ಮ ಮೈದುನ ಫೋನಿನಲ್ಲಿ ತೋರಿಸಿದ. ಅವರಿಗೆ ಯುರೋಪಿನ ಪೇಟೆ ಪಕ್ಕದಲ್ಲಿದೆ ಮಾರಾಯ ಅಂದೆ. ಮಾಡಿ ಗೆದ್ದವರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ, ಇಲ್ಲ ಅನ್ನೋದಿಲ್ಲ. ಅವರು ಮೊದಲು ಕೊಳ್ಳೋನನ್ನು ಹುಡುಕಿ ಆಮೇಲೆ ಪೈಪು ಹುಗಿದವರು.

ನಾವು ನೆರಳು ಪರದೆ ಹಾಕಿದೆವು. ಸಸಿಗೆ. ಪ್ಲಾಸ್ಟಿಕ್ ಟ್ರೇ, 98 ಗುಳಿಯದು, ಅದಕ್ಕೆ ತೆಂಗಿನ ನಾರಿನ ಪುಡಿ ತುಂಬಿ ಗುಳಿಗೊಂದು ಬೀಜ. ಮೆಣಸಿನ ಸಸಿ ಮೂವತ್ತೈದು, ನಲವತ್ತು ದಿನಕ್ಕೆ ನಾಟಿಗೆ ಬರುತ್ತೆ. ಮೊದಲು ಎಲ್ಲರೂ ಹೊಲದ ಮೂಲೆಯಲ್ಲಿ ಮಡಿ ಮಾಡಿ ಅಗಿ ಚೆಲ್ಲುತ್ತಿದ್ದರು. ಬೀಜ ದುಬಾರಿ ಆದ ಮೇಲೆ ಚೆಲ್ಲೋಕೆ ಯಾರಿಗೂ ಧೈರ್ಯ ಇಲ್ಲ. ಸಸಿ ಹೆಜ್ಜೆಯಲ್ಲೇ ವೈರಸ್ ಹತ್ತಿದರೆ ಆ ಗಿಡ ಮುಗೀತು, ಅದಕ್ಕೇ ಮೊದಲ ನಲವತ್ತು ದಿನ ಮುಚ್ಚಿ ಬೆಳೆಸೋದು. ಒಂದು ಮಾತು: ಸಸಿ ನೋಡೋಕೆ ಬರೋ ಅಕ್ಕಂದಿರಿಗೆ ನಾನು, ಹಳದಿ ಸೀರೆ ಉಟ್ಟುಕೊಂಡು ಒಳಗೆ ಬರಬ್ಯಾಡ್ರಿ ಅಂತೀನಿ. ನಗ್ತಾರೆ. ಬಿಳಿನೊಣಕ್ಕೆ ಹಳದಿ ಅಂದ್ರೆ ಪ್ರಾಣ, ಸೀರೆ ಮೇಲೆ ಕೂತು ಒಳಗೇ ಬಂದುಬಿಡುತ್ತೆ. ಗಂಡಸರಿಗೆ, ತಂಬಾಕು ತಿಕ್ಕಿದ ಕೈ ತೊಳೀದೆ ಸಸಿ ಮುಟ್ಟಬ್ಯಾಡ್ರಿ ಅಂತೀನಿ. ಅವರು ನಗೋದಿಲ್ಲ, ಸಿಟ್ಟಾಗ್ತಾರೆ.

ಎಲ್ಲಕ್ಕೂ ಪರದೆ ಮದ್ದು ಅಂತ ನಾನು ಹೇಳ್ತಾ ಇಲ್ಲ. 2021ರ ಕೊನೆಗೆ ಹೊಸ ಜಾತಿಯ ಕಪ್ಪು ಥ್ರಿಪ್ಸ್ ನುಸಿ ಬಂತಲ್ಲ, ಆಂಧ್ರ ತೆಲಂಗಾಣದಿಂದ ಹಿಡಿದು ನಮ್ಮ ಕಡೆವರೆಗೂ ಮೆಣಸಿನ ಹೂವಿನೊಳಗೆ ಕೂತು ತಿಂದುಬಿಟ್ಟಿತು. ಅದು 40 ಮೆಶ್ ಬಲೆಯ ಕಣ್ಣಲ್ಲಿ ಆರಾಮಾಗಿ ನುಸೀತದೆ. ಬಲೆ ಇನ್ನೂ ಸಣ್ಣದು ಮಾಡಿದರೆ ಗಾಳಿ ನಿಲ್ಲುತ್ತೆ, ಒಳಗೆ ಕುಲುಮೆ ಆಗುತ್ತೆ. ಈಗಲೇ ಬೇಸಿಗೆ ಮಧ್ಯಾಹ್ನ ಪರದೆಯೊಳಗೆ ನಿಂತು ಕೆಲಸ ಮಾಡೋ ಹೆಂಗಸರನ್ನು ಕೇಳಿ. 35 ಡಿಗ್ರಿ ದಾಟಿದರೆ ಟೊಮೆಟೊ ಪರಾಗಕ್ಕೆ ಬಲ ಇರೋದಿಲ್ಲ ಅಂತ ಎಲ್ಲರೂ ಹೇಳ್ತಾರೆ, ಹೆಂಗಸರ ಬಲದ ಬಗ್ಗೆ ಥರ್ಮಾಮೀಟರ್ ಇಟ್ಟೋರು ಯಾರೂ ಇಲ್ಲ.

ಈಗ ಬ್ಯಾಡಗಿ. ಬ್ಯಾಡಗಿ ಮೆಣಸಿನಕಾಯಿ ಅಂದ್ರೆ ಬಣ್ಣ, ಖಾರ ಕಡಿಮೆ. ಕಡ್ಡಿ ಅಂತ ಒಂದು, ಡಬ್ಬಿ ಅಂತ ಒಂದು. ಡಬ್ಬಿ ಗಿಡ್ಡ, ದಪ್ಪ, ಒಣಗಿದರೆ ಸುಕ್ಕು ಸುಕ್ಕು, ಮಸಾಲೆಗೆ ಅದರ ಬಣ್ಣಕ್ಕೆ ಸಾಟಿ ಇಲ್ಲ. 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಸೋಮವಾರ, ಗುರುವಾರ ಪೇಟೆ ನಡೆಯುತ್ತೆ, ಆ ದಿನ ಊರಿಗೆ ಊರೇ ಸೀನುತ್ತೆ. ಆದರೆ ಆ ಪೇಟೆಗೆ ಬರೋ ಕಾಯಿಯಲ್ಲಿ ಬಹಳಷ್ಟು ಬಳ್ಳಾರಿ, ರಾಯಚೂರು, ಆಂಧ್ರದ ನೀರಾವರಿ ಹೊಲದ್ದು. 2024ರ ಮಾರ್ಚ್ 11ರ ಸೋಮವಾರ ದರ ಬಿದ್ದು ರೈತರು ಎಪಿಎಂಸಿ ಕಚೇರಿಗೆ ನುಗ್ಗಿದ್ದು, ವಾಹನಗಳಿಗೆ ಬೆಂಕಿ ಬಿದ್ದಿದ್ದು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ನಮ್ಮ ನರ್ಸರಿಯ ಟೆರೇಸಿನಿಂದ ಹೊಗೆ ಕಾಣ್ತಾ ಇತ್ತು.

ನಮ್ಮ ಅತ್ತಿ ಡಬ್ಬಿ ಬೀಜ ಇಟ್ಟುಕೊಂಡು ಬಂದವರು. ಅಂಗಡಿ ಬೀಜ ಅಲ್ಲ. ಕೊಯ್ಲಿನಲ್ಲಿ ಒಳ್ಳೆ ಗಿಡದ ಕಾಯಿ ಆರಿಸಿ, ಒಣಗಿಸಿ, ಕಾಯಿಯಲ್ಲೇ ಬೀಜ ಬಿಟ್ಟು ಗಡಿಗೆಯಲ್ಲಿ ಇಡೋರು. ಮೂರು ವರ್ಷದ ಹಿಂದೆ ಅವರು ಹೊಲದಿಂದ ಬಂದು, "ಇದು ನನ್ನ ಡಬ್ಬಿ ಅಲ್ಲವಾ ತಂಗಿ" ಅಂದರು. ನೋಡಿದರೆ ಹೌದು, ಕಾಯಿ ಉದ್ದ ಆಗ್ತಾ ಇದೆ, ಸುಕ್ಕು ಕಡಿಮೆ, ಕಚ್ಚಿದರೆ ಖಾರ. ಸುತ್ತಲೂ ಎಲ್ಲರ ಹೊಲದಲ್ಲೂ ಹೈಬ್ರಿಡ್. ಮೆಣಸಿನಲ್ಲಿ ಜೇನು, ನೊಣದಿಂದ ಪರಾಗ ಬೆರೆಯೋದು ಟೊಮೆಟೊಗಿಂತ ಬಹಳ ಹೆಚ್ಚು. ವರ್ಷ ವರ್ಷ ಸ್ವಲ್ಪ ಸ್ವಲ್ಪ ಬೆರೆತು ಅತ್ತಿಯ ಬೀಜ ಅವರ ಕಣ್ಣೆದುರೇ ಬೇರೆಯಾಗಿಬಿಟ್ಟಿತ್ತು.

ನನಗೆ ಆಗ ಹೊಳೆದಿದ್ದು ತವರು ಮನೆಯ ಪರದೆ. ಕಂಪನಿ ಬೀಜಕ್ಕೆ ಕಟ್ಟೋದನ್ನ ನಮ್ಮ ಬೀಜಕ್ಕೆ ಯಾಕೆ ಕಟ್ಟಬಾರದು? ಎರಡು ಗುಂಟೆಗೂ ಕಡಿಮೆ ಜಾಗ, ನಾಲ್ಕು ಕಡೆ ಕಂಬ, ತವರಿನಿಂದ ತಂದ ಹಳೇ ಬಲೆಯ ತುಂಡು. ಇಲ್ಲಿ ಕ್ರಾಸಿಂಗ್ ಬೇಕಿಲ್ಲ, ಚಿಮಟ ಬೇಕಿಲ್ಲ. ಮೆಣಸಿನ ಹೂವು ಒಳಗೆ ಬಿಟ್ಟರೆ ತನ್ನ ಪರಾಗ ತಾನೇ ಹಾಕಿಕೊಳ್ಳುತ್ತೆ, ಬೆಳಗ್ಗೆ ಗಿಡ ಮೆಲ್ಲಗೆ ಅಲುಗಾಡಿಸಿದರೆ ಸಾಕು. ಅರವತ್ತು ಗಿಡ ಹಾಕಿದೆವು. ನಾಲ್ಕೈದೇ ಗಿಡದಿಂದ ಬೀಜ ಹಿಡಿದರೆ ತಳಿ ಸೊರಗುತ್ತೆ ಅಂತ. ಡಬ್ಬಿ ಲಕ್ಷಣ ಇಲ್ಲದ ಗಿಡವನ್ನು ಹೂವಿಗೆ ಬರೋ ಮೊದಲೇ ಕೀಳೋದು ಕಷ್ಟ, ಕಾಯಿ ಬಿಡೋ ತನಕ ಗೊತ್ತಾಗೋದಿಲ್ಲ. ಹಾಗಾಗಿ ಮೊದಲ ವರ್ಷ ಒಂದೊಂದು ಗಿಡದ ಬೀಜ ಬೇರೆ ಬೇರೆ ಪೊಟ್ಟಣದಲ್ಲಿ ಇಟ್ಟು, ಎರಡನೇ ವರ್ಷ ಬೇರೆ ಬೇರೆ ಸಾಲು ಹಾಕಿ, ಕೆಟ್ಟ ಸಾಲು ಪೂರ್ತಿ ಕಿತ್ತೆವು. ದೇವಿಹೊಸೂರಿನ ತೋಟಗಾರಿಕೆ ಸಂಶೋಧನಾ ಕೇಂದ್ರ ಹಾವೇರಿಗೆ ಹತ್ತಿರವೇ ಇದೆ, ಮೆಣಸಿನಕಾಯಿ ಬೆಳೆಯೋರು ಒಮ್ಮೆ ಹೋಗಿ ಮಾತಾಡಿಕೊಂಡು ಬನ್ನಿ.

ಈ ಕೆಲಸಕ್ಕೆ ನಾನು ಅವ್ವನನ್ನ ಕರೆಸಿಕೊಂಡೆ. ಬರೋದಿಲ್ಲ ಅಂದಳು. ಆ ತೊಂಬತ್ತಾರರ ವರ್ಷದ ನಂತರವೂ ಅವಳು ಕೂಲಿಗೆ ಕ್ರಾಸಿಂಗಿಗೆ ಹೋಗಿದ್ದಾಳೆ, ಆದರೆ ಬೀಜದ ಮಾತು ಬಂದರೆ, "ನನ್ನ ಕೈ ನಂಬಬ್ಯಾಡ" ಅಂತಾಳೆ. ಕಡೆಗೆ ಮೊಮ್ಮಗಳನ್ನು ನೋಡೋ ನೆಪಕ್ಕೆ ಬಂದಳು. ಬಂದವಳು ಸೀದಾ ಪರದೆಯೊಳಗೆ ಹೋಗಿ, ಹೊರಗಿನ ಬಾಗಿಲು ಮುಚ್ಚದೇ ಒಳಗಿನ ಬಾಗಿಲು ತೆಗೆದೆ ಅಂತ ನನಗೇ ಬೈದಳು. ಆಮೇಲೆ ನಮ್ಮ ಅತ್ತಿ, ನಮ್ಮವ್ವ ಇಬ್ಬರೂ ಸಾಲಿನ ಈ ತುದಿಗೊಬ್ಬರು ಆ ತುದಿಗೊಬ್ಬರು ಕುಕ್ಕರಗಾಲಲ್ಲಿ ಕೂತು ಕಾಯಿ ತಿರುವಿ ತಿರುವಿ ನೋಡಿದರು. ಅತ್ತಿಗೆ ಡಬ್ಬಿ ಹೇಗಿರಬೇಕು ಅಂತ ಗೊತ್ತು. ಅವ್ವನಿಗೆ ಬೇರೆ ಗಿಡ ಯಾವುದು ಅಂತ ಎಲೆಯಲ್ಲೇ ಗೊತ್ತು. ನಲವತ್ತೊಂದು ಗಿಡ ಉಳಿಸಿದರು. ನನ್ನ ಮಗಳು, ಒಂಬತ್ತು ವರ್ಷ, ತಾನೂ ಬರ್ತೀನಿ ಅಂದಳು. ಅವ್ವ ಅವಳಿಗೆ, "ನೀ ಸಾಲಿಗೆ ಹೋಗು, ಇಲ್ಲಿ ನಿನಗೇನೂ ಕೆಲಸ ಇಲ್ಲ" ಅಂದಳು.

ಈ ಸಲ ಬೀಜ ಮುಕ್ಕಾಲು ಕಿಲೋ ಬಂದಿದೆ. ಮೂರು ಪೊಟ್ಟಣ ಮಾಡಿದ್ದೀನಿ. ಒಂದು ಅತ್ತಿಯ ಗಡಿಗೆಯಲ್ಲಿ, ಒಂದು ನಮ್ಮ ನರ್ಸರಿಯಲ್ಲಿ ಬಿತ್ತೋಕೆ, ಒಂದು ಅವ್ವ ರಾಣೆಬೆನ್ನೂರಿಗೆ ಒಯ್ದಿದ್ದಾಳೆ. ಅದರ ಮೇಲೆ ಮೂವರೂ ಸಹಿ ಹಾಕಿದ್ದೀವಿ. ಅವ್ವನದು ಹೆಬ್ಬೆಟ್ಟು.